ನಲವತ್ತು ವರ್ಷದ ಹಳೇ ಬಿಯರ್: ಕುಡಿಯುವುದೋ, ಇಡುವುದೋ?



ಈ ಸಲದ ಪಾಠದ ತಲೆಬರಹ ನೋಡಿ ಕೆಲವರು ಹುಬ್ಬೇರಿಸಬಹುದು. ನಮ್ಮಲ್ಲಿ ಬಹುಪಾಲು ಜನ ಇಡ್ಲಿ, ವಡೆ, ಫಿಲ್ಟರ್ ಕಾಫಿಯನ್ನೇ ನಂಬಿ ಮದ್ರಾಸಿನಲ್ಲಿ ಬದುಕು ಕಟ್ಟಿಕೊಂಡವರು. ಬಿಯರ್ ನಮ್ಮ ಗಲ್ಲಾಪೆಟ್ಟಿಗೆಯ ಬಾಬತ್ತಲ್ಲ. ಆದರೂ ಲಾಡ್ಜು, ಪಾರ್ಟಿ ಹಾಲು ಇಟ್ಟುಕೊಂಡ ಸದಸ್ಯರು ಈಗ ಸಾಕಷ್ಟಿದ್ದಾರೆ. ಬೆಂಗಳೂರಿನ ಕಡೆ ಬಾರ್ ಅಂಡ್ ರೆಸ್ಟೋರೆಂಟ್ ನಡೆಸುವ ಬಂಧುಗಳೂ ಅನೇಕರಿಗೆ ಇದ್ದಾರೆ. ಅದಕ್ಕಿಂತ ಮುಖ್ಯವಾಗಿ, ಒಂದು ಪದಾರ್ಥ ಹಳತಾದಾಗ ಅದು ಪಕ್ವವಾಯಿತೋ, ಕೆಟ್ಟಿತೋ ಎಂದು ಗುರುತಿಸುವುದು ನಮ್ಮೆಲ್ಲರ ಕಸುಬಿನ ಅರ್ಧ ವಿದ್ಯೆ. ಆದ್ದರಿಂದ ಕುಡಿಯದವರೂ ಓದಬಹುದು.

ಪ್ರಶ್ನೆ ಬಂದದ್ದು ಅಣ್ಣಾ ನಗರದಿಂದ. ಅಲ್ಲಿ ಕೆಳಗೆ ಸಸ್ಯಾಹಾರಿ ಹೋಟೆಲು, ಮೇಲೆ ಪಾರ್ಟಿ ಹಾಲು ನಡೆಸುವ ನಮ್ಮ ಸದಸ್ಯರೊಬ್ಬರ ಬಳಿ ಕಾಯಂ ಗಿರಾಕಿಯೊಬ್ಬರು ಬಂದರು. ತಂದೆ ಕಟ್ಟಿಸಿದ ಮನೆಯನ್ನು ಕೆಡವಿ ಫ್ಲ್ಯಾಟ್ ಎಬ್ಬಿಸಲು ಬಿಲ್ಡರಿಗೆ ಒಪ್ಪಿಸುವ ಮೊದಲು ಅಟ್ಟ ಖಾಲಿ ಮಾಡಿಸಿದಾಗ, ಹಳೇ ಟ್ರಂಕಿನೊಳಗೆ ವೃತ್ತಪತ್ರಿಕೆಯಲ್ಲಿ ಸುತ್ತಿದ ಎರಡು ಬಿಯರ್ ಬಾಟಲಿ ಸಿಕ್ಕವಂತೆ. ಮುಚ್ಚಳ ಬಿಚ್ಚಿಲ್ಲ. ತಂದೆ ತೀರಿಕೊಂಡು ಬಹಳ ವರ್ಷವಾಯಿತು. ಹೊರದೇಶದಲ್ಲಿರುವ ತಮ್ಮಂದಿರು ಬರುವ ದಿನ ಹಾಲಿನಲ್ಲಿ ಊಟ ಇಟ್ಟುಕೊಂಡಿದ್ದೇವೆ, ಆಗ ಅಪ್ಪನ ನೆನಪಿಗೆ ಒಂದನ್ನು ತೆಗೆದು ಆಳಿಗೊಂದು ಗುಟುಕು ಕುಡಿಯೋಣ ಎಂದಿದ್ದೇವೆ, ನಿಮ್ಮ ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿಕೊಡಿ ಎಂದರು. ಜೊತೆಗೇ, "ಅಥವಾ ವೈನಿನ ಹಾಗೆ ಇನ್ನೂ ಇಟ್ಟರೆ ಬೆಲೆ ಬರುತ್ತದೆಯೇ?" ಎಂದೂ ಕೇಳಿದರು. ಸದಸ್ಯರು ಕೂಡಲೇ ಹೌದು ಎನ್ನಲಿಲ್ಲ, ಇಲ್ಲ ಎಂದು ಗಿರಾಕಿಯ ಮನಸ್ಸನ್ನೂ ನೋಯಿಸಲಿಲ್ಲ. ಎರಡು ದಿನ ಕೊಡಿ ಎಂದು ನಮ್ಮಲ್ಲಿ ವಿಚಾರಿಸಿದರು. ನಾವು ಕೊಟ್ಟ ಉತ್ತರವನ್ನು ಸ್ವಲ್ಪ ವಿಸ್ತರಿಸಿ ಇಲ್ಲಿ ಕೊಡುತ್ತಿದ್ದೇವೆ.

ಮೊದಲು ವಯಸ್ಸು ಗೊತ್ತಾಗಲಿ

ಹಳೇ ಬಾಟಲಿ ಕೈಗೆ ಬಂದರೆ ಮೊದಲು ಮಾಡಬೇಕಾದದ್ದು ಲೇಬಲ್ ಓದುವುದು. ಹಳೇ ಲೇಬಲ್ಲಿನಲ್ಲಿ ತಯಾರಾದ ದಿನಾಂಕ ಇಲ್ಲದೆಯೂ ಇರಬಹುದು, ಇದ್ದರೂ ಮಾಸಿರಬಹುದು. ಆದರೆ ವಿಳಾಸ ಸುಳ್ಳು ಹೇಳುವುದಿಲ್ಲ. ಪಿನ್‌ಕೋಡ್ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಆರು ಅಂಕಿಯ ಪಿನ್ ಇದ್ದರೆ ಬಾಟಲಿ ಅದಕ್ಕಿಂತ ಈಚಿನದು. 'ಮೈಸೂರು ರಾಜ್ಯ' ಎಂದಿದ್ದರೆ 1973ರ ನವೆಂಬರ್ 1ಕ್ಕಿಂತ ಹಿಂದಿನದು, 'ಕರ್ನಾಟಕ' ಎಂದಿದ್ದರೆ ಅದರ ನಂತರದ್ದು. ನಮ್ಮ ಈ ರಾಜ್ಯದ್ದಾದರೆ, ಮದ್ರಾಸ್ ರಾಜ್ಯಕ್ಕೆ ತಮಿಳುನಾಡು ಎಂಬ ಹೆಸರು ಬಂದದ್ದು 1969ರ ಜನವರಿಯಲ್ಲಿ, ಊರು ಚೆನ್ನೈ ಆದದ್ದು 1996ರಲ್ಲಿ. ಎಲ್ಲಾ ತೆರಿಗೆ ಸೇರಿಸಿದ ಗರಿಷ್ಠ ಚಿಲ್ಲರೆ ಬೆಲೆ, ಅಂದರೆ ಎಂ.ಆರ್.ಪಿ., ಪೊಟ್ಟಣಗಳ ಮೇಲೆ ಅಚ್ಚಾಗತೊಡಗಿದ್ದು 1990ರ ಸುಮಾರಿಗೆ. ಬೆಂಗಳೂರಿನ ಯುನೈಟೆಡ್ ಬ್ರೂವರೀಸಿನ ಬಾಟಲಿಯಾಗಿದ್ದು ವಿಳಾಸದಲ್ಲಿ ಗ್ರಾಂಟ್ ರೋಡ್ ಎಂದಿದ್ದರೆ, ಆ ರಸ್ತೆಗೆ ವಿಠಲ ಮಲ್ಯ ಹೆಸರಿಡುವ ಮೊದಲಿನದು ಎಂದು ಊಹಿಸಬಹುದು. ಮಲ್ಯರು ತೀರಿಕೊಂಡದ್ದು 1983ರಲ್ಲಿ.

ಇಲ್ಲಿ ಒಂದು ಮಾತು. ವಿಠಲ ಮಲ್ಯರ ಮನೆತನ ಬಂಟ್ವಾಳದ ಕಡೆಯದು ಎಂಬುದು ದಕ್ಷಿಣ ಕನ್ನಡದ ನಮ್ಮ ಸದಸ್ಯರಿಗೆ ಗೊತ್ತೇ ಇದೆ. ಕಂಪನಿ ಮಾತ್ರ ಅವರು ಹುಟ್ಟುವ ಮೊದಲೇ ಇತ್ತು. ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವನು 1915ರಲ್ಲಿ ನೀಲಗಿರಿ, ಬೆಂಗಳೂರು, ಮದ್ರಾಸು ಕಡೆಯ ಸಣ್ಣಪುಟ್ಟ ಬ್ರೂವರಿಗಳನ್ನು ಒಟ್ಟುಗೂಡಿಸಿ ಅದನ್ನು ಕಟ್ಟಿದ. ಇಂಗ್ಲಿಷ್ ಸೈನಿಕರ ಬಾಯಾರಿಕೆಯನ್ನು ನಂಬಿ ಹುಟ್ಟಿದ ಉದ್ದಿಮೆ, ಸ್ವಾತಂತ್ರ್ಯ ಬರುವ ಹೊತ್ತಿಗೆ ನಮ್ಮ ಕರಾವಳಿ ಮೂಲದವರ ಕೈಗೆ ಬಂತು. ಹೋಟೆಲಿನಲ್ಲಿ ನಾವು ಮಾಡಿದ್ದನ್ನೇ ಅವರು ಬೇರೆ ಸರಕಿನಲ್ಲಿ ಮಾಡಿದರು ಎನ್ನಬಹುದು.

ಮತ್ತೆ ಬಾಟಲಿಗೆ ಬರೋಣ. ಗಿರಾಕಿಯ ಬಾಟಲಿಗಳಲ್ಲಿ ಪಿನ್‌ಕೋಡ್ ಇತ್ತು, 'ಕರ್ನಾಟಕ' ಇತ್ತು, ಎಂ.ಆರ್.ಪಿ. ಇರಲಿಲ್ಲ. ಅಂದರೆ 1973ಕ್ಕೂ 1990ಕ್ಕೂ ನಡುವಿನ ಸರಕು. ಕಡಿಮೆಯೆಂದರೂ ಮೂವತ್ತೈದು, ಹೆಚ್ಚೆಂದರೆ ಐವತ್ತು ವರ್ಷ. ನಲವತ್ತು ಎಂದು ಹಿಡಿಯೋಣ. ಮೂಲೆಯಲ್ಲಿ 'ಕರ್ನಾಟಕದಲ್ಲಿ ಮಾತ್ರ ಮಾರಾಟಕ್ಕೆ' ಎಂಬ ಅರ್ಥದ ಸಾಲೂ ಇತ್ತು. ಬೆಂಗಳೂರಿಗೆ ಹೋದಾಗ ತಂದಿಟ್ಟದ್ದು ಎಂಬುದು ಇದರಿಂದ ಸ್ಪಷ್ಟ.

ತಂದದ್ದಕ್ಕೂ ಕಾರಣವಿದೆ. ಮದ್ರಾಸಿನಲ್ಲಿ ಆ ಕಾಲಕ್ಕೆ ಬಾಟಲಿ ಸುಲಭಕ್ಕೆ ಸಿಗುತ್ತಿರಲಿಲ್ಲ. ರಾಜಾಜಿಯವರು 1937ರಲ್ಲಿ ಸೇಲಂ ಜಿಲ್ಲೆಯಿಂದ ಆರಂಭಿಸಿದ ಪಾನನಿಷೇಧ 1948ರ ಹೊತ್ತಿಗೆ ಇಡೀ ಪ್ರಾಂತ್ಯಕ್ಕೆ ಹಬ್ಬಿತು. 1971ರಲ್ಲಿ ಕರುಣಾನಿಧಿಯವರು ಸಡಿಲಿಸಿದರು, 1974ರಲ್ಲಿ ಅವರೇ ಮತ್ತೆ ತಂದರು, ಎಂ.ಜಿ.ಆರ್. 1981ರಲ್ಲಿ ಪುನಃ ಸಡಿಲಿಸಿದರು. ನಡುವಿನ ವರ್ಷಗಳಲ್ಲಿ ವೈದ್ಯರ ಚೀಟಿ ತೋರಿಸಿ 'ಪರ್ಮಿಟ್' ಪಡೆದವರು ಕುಡಿದರು, ಉಳಿದವರು ಬೆಂಗಳೂರು ಮೈಲಿನ ಸೂಟ್‌ಕೇಸ್ ನಂಬಿದರು. ಹಾಗೆ ಬಂದ ಬಾಟಲಿಯನ್ನು ಮನೆಯವರ ಕಣ್ಣಿಗೆ ಬೀಳದಂತೆ ಅಟ್ಟದಲ್ಲಿ ಇಟ್ಟು ಮರೆತದ್ದೂ ಉಂಟು. ಈಗ ಹಳೇ ಮನೆಗಳು ಬೀಳುತ್ತಿರುವುದರಿಂದ ಇಂಥವು ಹೊರಬರುತ್ತಿವೆ. ಅಣ್ಣಾ ನಗರ ಎಂಬ ಬಡಾವಣೆಯೇ 1968ರ ವಾಣಿಜ್ಯ ಮೇಳದ ಸುತ್ತ ಬೆಳೆದದ್ದು. ಮೇಳಕ್ಕೆಂದು ಎತ್ತಿದ ಟವರ್ ಪಾರ್ಕಿನ ಗೋಪುರಕ್ಕೆ ನಮ್ಮ ವಿಶ್ವೇಶ್ವರಯ್ಯನವರ ಹೆಸರಿದೆ. ಅಲ್ಲಿನ ಮೊದಲ ತಲೆಮಾರಿನ ಮನೆಗಳಿಗೆ ಈಗ ಐವತ್ತು ತುಂಬಿತು.

ಒಳಗೆ ಏನಾಗಿರುತ್ತದೆ?

ಬಿಯರ್ ಎಂದರೆ ಬಾರ್ಲಿ ಮೊಳಕೆ, ಹಾಪ್ಸ್ ಎಂಬ ಕಹಿ ಹೂ, ಈಸ್ಟ್ ಮತ್ತು ನೀರು. ನಮ್ಮ ದೇಶದಲ್ಲಿ ಅಕ್ಕಿ ಅಥವಾ ಜೋಳವನ್ನೂ ಸ್ವಲ್ಪ ಸೇರಿಸುತ್ತಾರೆ. ದೋಸೆ ಹಿಟ್ಟು ಹುದುಗಿಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಾಮಾನ್ಯ ಲಾಗರ್ ಬಿಯರನ್ನು ಸೋಸಿ, ಬಾಟಲಿಗೆ ತುಂಬಿ, ಮುಚ್ಚಳ ಒತ್ತಿದ ಮೇಲೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನ ಸಿಂಚನದಡಿ ಹಾಯಿಸಿ ಪ್ಯಾಶ್ಚರೈಸ್ ಮಾಡುತ್ತಾರೆ. ಅಲ್ಲಿಗೆ ಈಸ್ಟ್ ಸತ್ತಿತು. ಜೀವ ಇದ್ದರಲ್ಲವೇ ಬೆಳವಣಿಗೆ? ಆಮೇಲೆ ಬಾಟಲಿಯೊಳಗೆ ನಡೆಯುವುದು ಪಕ್ವತೆಯಲ್ಲ, ನಿಧಾನದ ಸವಕಲು. ವೈನ್ ಹಳತಾದಷ್ಟೂ ಒಳ್ಳೆಯದು ಎಂಬ ಮಾತು ವೈನಿಗೇ ಪೂರ್ತಿ ನಿಜವಲ್ಲ, ಮಾಮೂಲಿ ಬಿಯರಿಗಂತೂ ಸಲ್ಲುವುದೇ ಇಲ್ಲ. ಅಂಗಡಿಯಲ್ಲಿ ಸಿಗುವ ಲಾಗರಿನ ಮೇಲೆ ಆರು ತಿಂಗಳೊಳಗೆ ಉತ್ತಮ ಎಂದು ಅಚ್ಚಾಗಿರುವುದು ಸುಮ್ಮನೆ ಅಲ್ಲ.

ಸವೆತಕ್ಕೆ ಮೂವರು ಹೊಣೆ: ಗಾಳಿ, ಬಿಸಿ, ಬೆಳಕು.

ಗಾಳಿ ಎಂದರೆ ಆಮ್ಲಜನಕ. ತುಂಬುವಾಗ ಕತ್ತಿನಲ್ಲಿ ಉಳಿದದ್ದು ಸ್ವಲ್ಪ, ವರ್ಷಗಳ ಮೇಲೆ ಮುಚ್ಚಳದ ಅಂಚಿನಿಂದ ಒಳನುಸುಳಿದ್ದು ಸ್ವಲ್ಪ. ವಿಲಿಯಂ ಪೇಂಟರ್ ಎಂಬವನು 1892ರಲ್ಲಿ ಕಂಡುಹಿಡಿದ ಈ ಕ್ರೌನ್ ಮುಚ್ಚಳದ ಒಳಗೆ ಮೊದಮೊದಲು ಕಾರ್ಕಿನ ಬಿಲ್ಲೆ ಇರುತ್ತಿತ್ತು, ಆಮೇಲೆ ಪ್ಲಾಸ್ಟಿಕ್ ಪದರ ಬಂತು. ಎರಡೂ ದಶಕಗಟ್ಟಲೆ ಬಿಗಿ ಹಿಡಿಯಲು ಮಾಡಿದವಲ್ಲ. ಆಮ್ಲಜನಕ ಹೊಕ್ಕ ಬಿಯರಿನಲ್ಲಿ ಟ್ರಾನ್ಸ್-2-ನಾನೆನಾಲ್ ಎಂಬ ವಸ್ತು ಕಾಣಿಸಿಕೊಳ್ಳುತ್ತದೆ. ನೆನೆದ ರಟ್ಟಿನ ಡಬ್ಬದ ವಾಸನೆ ಅದರದ್ದು. ಸಾವಿರ ಕೋಟಿ ಭಾಗದಲ್ಲಿ ಒಂದು ಭಾಗ ಇದ್ದರೂ ಪಳಗಿದ ಮೂಗಿಗೆ ಗೊತ್ತಾಗುತ್ತದೆ. ಬೆಳಿಗ್ಗೆ ಇಳಿಸಿದ ಡಿಕಾಕ್ಷನ್ನನ್ನು ಸಂಜೆಗೆ ಬಿಸಿ ಮಾಡಿ ಕೊಟ್ಟರೆ ಹಳೇ ಗಿರಾಕಿ ಒಂದೇ ಗುಟುಕಿಗೆ ಲೋಟ ಕೆಳಗಿಡುತ್ತಾನಲ್ಲ, ಅಲ್ಲಿಯೂ ಗಾಳಿಯದೇ ದೊಡ್ಡ ಕೈವಾಡ.

ಬಿಸಿಯ ಬಗ್ಗೆ ಬ್ರೂವರಿಯವರು ಹೇಳುವ ಒರಟು ಲೆಕ್ಕವೊಂದಿದೆ: 3, 30, 300. ಸುಮಾರು 32 ಡಿಗ್ರಿಯಲ್ಲಿ ಮೂರು ದಿನ, 22 ಡಿಗ್ರಿಯಲ್ಲಿ ಮೂವತ್ತು ದಿನ, 3 ಡಿಗ್ರಿಯಲ್ಲಿ ಮುನ್ನೂರು ದಿನ ಇಟ್ಟರೆ ಬಿಯರ್ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಸೊರಗುತ್ತದೆ. ಈ ಲೆಕ್ಕವನ್ನು ಚೆನ್ನೈನ ಅಟ್ಟಕ್ಕೆ ಹಚ್ಚಿ ನೋಡಿ. ತಾರಸಿಯ ಕೆಳಗೆ, ಕತ್ತರಿ ಬಿಸಿಲಿನಲ್ಲಿ, ಟ್ರಂಕಿನೊಳಗೆ! ಮೊದಲ ಬೇಸಿಗೆಯಲ್ಲೇ ಆ ಬಿಯರಿನ ಆಯುಷ್ಯ ಮುಗಿದಿತ್ತು. ಉಳಿದ ಮೂವತ್ತೊಂಬತ್ತು ವರ್ಷ ಅದು ಬರೀ ಸಾಮಾನು.

ಬೆಳಕಿನ ತೊಂದರೆ ಬೇರೆ ಥರದ್ದು. ಹಾಪ್ಸಿನ ಕಹಿಯ ಮೇಲೆ ಬಿಸಿಲು ಬಿದ್ದರೆ ಗಂಧಕದ ಜಾತಿಯ ಒಂದು ನಾತ ಹುಟ್ಟುತ್ತದೆ. ಬಿಳಿ, ಹಸಿರು ಬಾಟಲಿಯಲ್ಲಿ ನಿಮಿಷಗಳ ಲೆಕ್ಕದಲ್ಲೇ ಆಗುತ್ತದೆ, ಕಂದು ಗಾಜು ಬಹುಮಟ್ಟಿಗೆ ತಡೆಯುತ್ತದೆ. ಟ್ರಂಕಿನಲ್ಲಿ ಕಾಗದ ಸುತ್ತಿ ಇದ್ದ ಬಾಟಲಿಗಳಿಗೆ ಈ ಒಂದು ಕಾಟವಾದರೂ ತಪ್ಪಿತು.

ಇದರ ಜೊತೆಗೆ ಕಹಿ ಕುಗ್ಗುತ್ತದೆ, ಬಣ್ಣ ಗಾಢವಾಗುತ್ತದೆ, ಗ್ಯಾಸ್ ಇಳಿಯುತ್ತದೆ, ಬಾರ್ಲಿಯ ಪ್ರೋಟೀನು ಗಟ್ಟಿಯಾಗಿ ತಳದಲ್ಲಿ ಚೂರುಚೂರಾಗಿ ಕೂರುತ್ತದೆ. ಆ ಚೂರು ನೋಡಿ ಹುಳ ಬಿದ್ದಿದೆ ಎಂದು ಹೆದರುವವರಿದ್ದಾರೆ. ಹುಳವಲ್ಲ.

ಹಾಗಾದರೆ ಇಟ್ಟು ಕುಡಿಯುವ ಬಿಯರ್ ಇಲ್ಲವೇ?

ಇದೆ, ಆದರೆ ಅದರ ಕುಲವೇ ಬೇರೆ. ಇಂಗ್ಲೆಂಡಿನ ಡಾರ್ಚೆಸ್ಟರಿನ ಎಲ್ಡ್ರಿಜ್ ಪೋಪ್ ಎಂಬ ಬ್ರೂವರಿ 1968ರಲ್ಲಿ, ಅಂದರೆ ಅಣ್ಣಾ ನಗರದ ಗೋಪುರ ಎದ್ದ ವರ್ಷವೇ, ಸಾಹಿತಿ ಥಾಮಸ್ ಹಾರ್ಡಿ ತೀರಿಕೊಂಡ ನಲವತ್ತನೇ ವರ್ಷದ ನೆನಪಿಗೆ ಒಂದು ಏಲ್ ತಯಾರಿಸಿತು. ಅದರಲ್ಲಿ ಮದ್ಯಸಾರ ಶೇಕಡ 12ರ ಹತ್ತಿರ, ಬಾಟಲಿಯೊಳಗೆ ಜೀವಂತ ಈಸ್ಟ್. ಇಪ್ಪತ್ತೈದು ವರ್ಷ ಇಡಬಹುದೆಂದು ತಯಾರಕರೇ ಹೇಳಿದ್ದರು. ಬೆಲ್ಜಿಯಂನ ಗ್ಯೂಜ್ ಎಂಬ ಹುಳಿ ಬಿಯರ್ ಹತ್ತಿಪ್ಪತ್ತು ವರ್ಷ ತಾಳುತ್ತದೆ. ಬರ್ಟನ್ ಊರಿನ ಹಳೇ ನೆಲಮಾಳಿಗೆಯಲ್ಲಿ 1869ರಲ್ಲಿ ತಯಾರಾದ ರ‍್ಯಾಟ್‌ಕ್ಲಿಫ್ ಏಲ್ ಬಾಟಲಿಗಳು 2006ರಲ್ಲಿ ಸಿಕ್ಕಾಗ, ರುಚಿ ನೋಡಿದವರು ಮೆಚ್ಚಿಕೊಂಡರು. ಗಮನಿಸಿ: ಬಲವಾದ ಮದ್ಯಸಾರ ಇಲ್ಲವೇ ಹುಳಿ, ಜೀವವುಳ್ಳ ಈಸ್ಟ್, ತಂಪಾದ ನೆಲಮಾಳಿಗೆ. ನಮ್ಮ ಕಾನೂನಿನ ಪ್ರಕಾರ ಬಿಯರಿನಲ್ಲಿ ಮದ್ಯಸಾರ ಶೇಕಡ 8ನ್ನು ಮೀರುವಂತಿಲ್ಲ, ಶೇಕಡ 5ರವರೆಗಿನದು ಮೈಲ್ಡ್, ಅದರ ಮೇಲಿನದು ಸ್ಟ್ರಾಂಗ್. ಸ್ಟ್ರಾಂಗ್ ಎಂದು ಬರೆದ ಮಾತ್ರಕ್ಕೆ ಇಡಲು ಯೋಗ್ಯವಾಗುವುದಿಲ್ಲ, ಅದೂ ಪ್ಯಾಶ್ಚರೈಸ್ ಆದ ಲಾಗರೇ.

ತಂಪೊಂದೇ ಇದ್ದರೂ ಸಾಲದು ಎಂಬುದಕ್ಕೆ ಇನ್ನೊಂದು ಉದಾಹರಣೆ. ಫಿನ್ಲೆಂಡಿನ ಆಲಂಡ್ ದ್ವೀಪಗಳ ಹತ್ತಿರ ಸಮುದ್ರದಲ್ಲಿ ಮುಳುಗಿದ್ದ 1840ರ ದಶಕದ ಹಡಗಿನಲ್ಲಿ 2010ರಲ್ಲಿ ಶಾಂಪೇನ್ ಜೊತೆ ಕೆಲವು ಬಿಯರ್ ಬಾಟಲಿಗಳೂ ದೊರೆತವು. ಐವತ್ತು ಮೀಟರ್ ಆಳ, ಕತ್ತಲು, 4ರಿಂದ 6 ಡಿಗ್ರಿ ಚಳಿ. ಇದಕ್ಕಿಂತ ಒಳ್ಳೆಯ ಉಗ್ರಾಣ ಯಾರು ಕೊಡಬಲ್ಲರು? ಆದರೂ ವಿಜ್ಞಾನಿಗಳು ತೆರೆದು ನೋಡಿದಾಗ ಒಳಗೆ ಬ್ಯಾಕ್ಟೀರಿಯಾ ಕೆಲಸ ಮಾಡಿತ್ತು, ಸ್ವಲ್ಪ ಸಮುದ್ರದ ನೀರೂ ಇಳಿದಿತ್ತು. ಹೋತದ ವಾಸನೆ, ಸುಟ್ಟ ರಬ್ಬರಿನ ವಾಸನೆ ಎಂದು ಬರೆದುಕೊಂಡರು. ಅದೇ ಹಡಗಿನ ಶಾಂಪೇನ್ ಬಾಟಲಿಯೊಂದು 2011ರಲ್ಲಿ 30,000 ಯೂರೋಗೆ ಹೋಯಿತು. ಬಿಯರ್ ಹೋದದ್ದು ಪ್ರಯೋಗಶಾಲೆಗೆ.

ಬೆಲೆಯ ಪ್ರಶ್ನೆಗೂ ಇಲ್ಲೇ ಉತ್ತರಿಸಿಬಿಡುತ್ತೇವೆ. ಧ್ರುವಯಾತ್ರೆಗೆಂದು 1852ರಲ್ಲಿ ತಯಾರಿಸಿದ ಒಂದು ಬಿಯರಿಗೆ 2007ರ ಇಂಟರ್‌ನೆಟ್ ಹರಾಜಿನಲ್ಲಿ ಐದು ಲಕ್ಷ ಡಾಲರ್ ಕೂಗಿದರು ಎಂದು ಲೋಕವೆಲ್ಲಾ ಸುದ್ದಿಯಾಯಿತು. ಕೂಗಿದವನದು ತಮಾಷೆ, ಹಣ ಬರಲೇ ಇಲ್ಲ. ನಮ್ಮ ದೇಶದ ಮಾಮೂಲಿ ಲಾಗರಿಗೆ ಅಂಥ ಕನಸು ಬೇಡ. ಹಳೇ ಬಾಟಲಿ, ಲೇಬಲ್, ಮುಚ್ಚಳ ಕೂಡಿಡುವ ಹವ್ಯಾಸಿಗಳು ಇದ್ದಾರೆ, ಅವರಿಗೆ ಬೇಕಾದದ್ದು ಕಾಗದ ಮತ್ತು ಗಾಜು. ತುಂಬಿದ ಬಾಟಲಿ ಮಾರಲು ಹೊರಟರೆ ಲೈಸೆನ್ಸ್ ಇಲ್ಲದೆ ಮದ್ಯ ಮಾರಿದ ಅಪರಾಧವಾಗುತ್ತದೆ.

ವಿಷವಾಗುತ್ತದೆಯೇ?

ಇದು ಎಲ್ಲರೂ ಮೊದಲು ಕೇಳುವ ಪ್ರಶ್ನೆ. ಹುಳಿ (ಪಿ.ಎಚ್. ಸುಮಾರು 4ರಿಂದ 4.5), ಮದ್ಯಸಾರ, ಹಾಪ್ಸ್, ಗ್ಯಾಸ್ ಇವೆಲ್ಲ ಸೇರಿ ಬಿಯರಿನಲ್ಲಿ ರೋಗ ತರುವ ಕ್ರಿಮಿಗಳನ್ನು ಬೆಳೆಯಗೊಡುವುದಿಲ್ಲ. ಆದ್ದರಿಂದ ಮುಚ್ಚಳ ಬಿಗಿಯಾಗಿದ್ದ ಹಳೇ ಬಿಯರ್ ಸಾಮಾನ್ಯವಾಗಿ ಕೆಟ್ಟ ರುಚಿಯದ್ದಾಗುತ್ತದೆಯೇ ಹೊರತು ವಿಷವಾಗುವುದಿಲ್ಲ. ಹಳತಾದ ಮದ್ಯ ತಾನಾಗಿ ಮೆಥನಾಲ್ ಆಗುತ್ತದೆ ಎಂಬ ನಂಬಿಕೆ ತಪ್ಪು. ಮೆಥನಾಲ್ ಬರುವುದು ಯಾರಾದರೂ ಬೆರೆಸಿದಾಗ. ಕಳ್ಳಕುರಿಚಿಯಲ್ಲಿ 2024ರ ಜೂನ್‌ನಲ್ಲಿ 60ಕ್ಕೂ ಹೆಚ್ಚು ಜೀವ ಹೋದದ್ದು ಅಂಥ ಕಳ್ಳಭಟ್ಟಿಯಿಂದ. ಅದಕ್ಕಾಗಿಯೇ ಬಾಟಲಿಯ ಪೂರ್ವೋತ್ತರ ಗೊತ್ತಿರಬೇಕು ಎನ್ನುವುದು. ತಂದೆಯ ಟ್ರಂಕಿನಲ್ಲಿ ಸಿಕ್ಕಿದ್ದು ಒಂದು ಮಾತು. ಗುಜರಿಯವನು "ಸಾರ್, ಹಳೇ ಸೀಲ್ ಬಾಟಲಿ" ಎಂದು ತಂದುಕೊಟ್ಟದ್ದು ಬೇರೆಯೇ ಮಾತು. ಖಾಲಿ ಬಾಟಲಿಗೆ ಮತ್ತೆ ಮುಚ್ಚಳ ಒತ್ತುವುದು ದೊಡ್ಡ ವಿದ್ಯೆಯೇನಲ್ಲ. ಎರಡನೆಯದನ್ನು ಮೂಸಿಯೂ ನೋಡಬಾರದು.

ತೆರೆಯುವ ಮೊದಲೇ ಕೆಲವು ಲಕ್ಷಣ ನೋಡಿ. ಬಿಯರಿನ ಮಟ್ಟ ಕತ್ತಿನಿಂದ ಭುಜಕ್ಕೆ ಇಳಿದಿದ್ದರೆ ಮುಚ್ಚಳ ಸೋರಿದೆ, ಚೆಲ್ಲಿ. ಮುಚ್ಚಳ ತುಕ್ಕು ಹಿಡಿದು ತೂತಾಗಿದ್ದರೆ, ಅಂಚಿನಲ್ಲಿ ಅಂಟು ಅಥವಾ ಬೂಷ್ಟು ಇದ್ದರೆ ಚೆಲ್ಲಿ. ಗಾಜಿನಲ್ಲಿ ಕೂದಲೆಳೆಯ ಬಿರುಕು ಇದ್ದರೂ ಅಷ್ಟೆ. ನಲವತ್ತು ವರ್ಷ ಬಿಸಿಲು ಕಂಡ ಗಾಜು, ಒಳಗೆ ಇನ್ನೂ ಒತ್ತಡ. ಕೈಯಲ್ಲಿ ಒಡೆದರೆ ಬೆರಳು ಹೋದೀತು. ಬಿಯರಿನಿಂದಲ್ಲ, ಬಾಟಲಿಯಿಂದಲೇ ಹೆಚ್ಚು ಅಪಾಯ ಎಂಬುದು ನಮ್ಮ ಅಭಿಪ್ರಾಯ.

ಎಲ್ಲವೂ ಸರಿಯಿದ್ದು ತೆರೆಯಲೇಬೇಕೆಂದಿದ್ದರೆ, ಎರಡು ದಿನ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ ಚೂರು ತಳಕ್ಕೆ ಕೂರಲಿ. ತಣ್ಣಗೆ ಮಾಡುವುದು ಮೆಲ್ಲಗೆ, ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ. ಫ್ರೀಜರಿನಲ್ಲಿ ಇಡಲೇಬಾರದು. ದಪ್ಪ ಟವೆಲ್ಲು ಸುತ್ತಿ, ಪಾತ್ರೆ ತೊಳೆಯುವ ತೊಟ್ಟಿಯೊಳಗೆ ಹಿಡಿದು ತೆಗೆಯಿರಿ. ಮುಚ್ಚಳ ಬಿಟ್ಟಾಗ ಚಿಕ್ಕ 'ಉಸ್' ಕೇಳಿದರೆ ಬಿಗಿ ಉಳಿದಿತ್ತು ಎಂದರ್ಥ. ಜೋರಾಗಿ ಉಕ್ಕಿದರೆ ಒಳಗೆ ಏನೋ ಹುದುಗಿದೆ, ಬೇಡ. ತೆರೆದ ಬಾಯಿಯನ್ನು ಒಳಗೂ ಹೊರಗೂ ಒರೆಸಿ, ಮುಚ್ಚಳದ ತುಕ್ಕು ಗ್ಲಾಸಿಗೆ ಬೀಳದಂತೆ. ಬಿಳಿ ಗಾಜಿನ ಲೋಟಕ್ಕೆ ನಿಧಾನ ಬಗ್ಗಿಸಿ, ಕೊನೆಯ ಎರಡು ಬೆರಳಿನಷ್ಟು ಬಾಟಲಿಯಲ್ಲೇ ಬಿಡಿ. ಮೊದಲು ಮೂಗು, ಆಮೇಲೆ ನಾಲಿಗೆಯ ತುದಿ. ವಿನೆಗರ್, ಕೊಳೆತ ಮೊಟ್ಟೆ, ಸೀಮೆಎಣ್ಣೆ ಇಂಥ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ.

ಹಳಬರು ಬಿಯರ್ ಬಾಟಲಿಯ ಬಾಯಿಯನ್ನು ನೀರಿನ ಲೋಟದಲ್ಲಿ ಬೋರಲು ಹಾಕಿ ಗ್ಲಿಸರಿನ್ ಇಳಿಸುತ್ತೇವೆ ಎನ್ನುತ್ತಿದ್ದರು. ಬಾಟಲಿಯಿಂದ ಏನೋ ದಪ್ಪಗೆ ಇಳಿಯುವುದು ಕಾಣುವುದು ನಿಜ. ಆದರೆ ನೀರಿಗಿಂತ ಭಾರವಾದ ಬಿಯರೇ ಕೆಳಗಿಳಿದು ನೀರು ಮೇಲೇರುವ ನೋಟ ಅದು. ಹಳೇ ಬಾಟಲಿಗೆ ಈ ಪ್ರಯೋಗ ಬೇಡ.

ನಮ್ಮ ಹಾಲಿನಲ್ಲಿ ತೆರೆಯಬಹುದೇ?

ಬಾರದು. ಇಲ್ಲಿ ದಾಕ್ಷಿಣ್ಯಕ್ಕೆ ಜಾಗವಿಲ್ಲ. ತಮಿಳುನಾಡಿನಲ್ಲಿ ಇಂದಿಗೂ ನಡೆಯುವುದು 1937ರ ಪಾನನಿಷೇಧ ಕಾಯ್ದೆ. ಅದರಡಿ ಸಿಗುವ ಲೈಸೆನ್ಸ್ ಎಲ್ಲವೂ ಆ ನಿಷೇಧಕ್ಕೆ ಕೊಟ್ಟ ವಿನಾಯಿತಿಯೇ. ಲೈಸೆನ್ಸ್ ಇಲ್ಲದ ಹೋಟೆಲಿನಲ್ಲಿ ಗಿರಾಕಿ ತನ್ನದೇ ಬಾಟಲಿ ತಂದು ಕುಡಿದರೂ ಕುಡಿದವನ ಜೊತೆ ಜಾಗ ಕೊಟ್ಟ ಮಾಲೀಕನೂ ಸಿಕ್ಕಿಬೀಳುತ್ತಾನೆ. ಒಂದು ಗುಟುಕು, ಅಪ್ಪನ ನೆನಪು, ಮನೆಯ ಜನ ಮಾತ್ರ ಎಂಬುದು ಪೊಲೀಸರ ಮುಂದೆ ಉತ್ತರವಾಗುವುದಿಲ್ಲ. ಬಾರ್ ಲೈಸೆನ್ಸ್ ಇರುವ ಸದಸ್ಯರಿಗೂ ಇದೇ ಮಾತು. ಟಾಸ್ಮ್ಯಾಕ್ 1983ರಲ್ಲಿ ಸಗಟು ವ್ಯಾಪಾರ, 2003ರ ನವೆಂಬರ್‌ನಿಂದ ಚಿಲ್ಲರೆಯನ್ನೂ ಕೈಗೆ ತೆಗೆದುಕೊಂಡ ಮೇಲೆ, ನಿಮ್ಮ ಬಾರಿಗೆ ಬರುವ ಪ್ರತಿ ಬಾಟಲಿಗೂ ಅವರ ಬಿಲ್ಲು ಇರಬೇಕು. ಬೇರೆ ರಾಜ್ಯದ ಲೇಬಲ್ಲಿನ, ಬಿಲ್ಲಿಲ್ಲದ ಬಾಟಲಿ ನಿಮ್ಮ ಫ್ರಿಜ್ಜಿನಲ್ಲಿ ಒಂದು ರಾತ್ರಿ ತಣ್ಣಗಾಗುತ್ತಿದ್ದರೂ ತಪಾಸಣೆಗೆ ಬಂದವರು ಅದು ಗಿರಾಕಿಯದ್ದು ಎಂದು ನಂಬಬೇಕಾಗಿಲ್ಲ.

ಇನ್ನೊಂದು ಬದಿಯಿಂದಲೂ ನೋಡಿ. ಊಟದ ನಂತರ ಒಬ್ಬರಿಗೆ ಹೊಟ್ಟೆ ಕೆಟ್ಟರೆ, ಕೆಡಿಸಿದ್ದು ಬಿಯರೋ ನಿಮ್ಮ ಪನೀರೋ ಎಂದು ಯಾರು ತೀರ್ಮಾನಿಸಬೇಕು? ಹೆಸರು ಕೆಡುವುದು ಹೋಟೆಲಿನದ್ದು. ಸಸ್ಯಾಹಾರಿ ಬೋರ್ಡಿನ ಕೆಳಗೆ ಮೂವತ್ತು ವರ್ಷ ಗಳಿಸಿದ ಹೆಸರು ಒಂದು ಗುಟುಕಿಗೆ ಒತ್ತೆ ಇಡುವ ವಸ್ತುವಲ್ಲ.

ನಮ್ಮ ಸಲಹೆಯಂತೆ ಸದಸ್ಯರು ಗಿರಾಕಿಗೆ ಹೇಳಿದ್ದು ಇಷ್ಟು: ನಮ್ಮಲ್ಲಿ ತೆರೆಯಲು ಆಗುವುದಿಲ್ಲ, ಕಾರಣ ಕಾನೂನು. ಎರಡು ಬಾಟಲಿ ಇರುವುದರಿಂದ ಒಂದನ್ನು ಮನೆಯಲ್ಲೇ ನೋಡಿ, ಮಟ್ಟ ಸರಿಯಿದ್ದರೆ ತೆರೆಯಿರಿ, ಇನ್ನೊಂದನ್ನು ಹಾಗೇ ಇಡಿ. ರುಚಿಗಾಗಿ ಇಡುವುದರಲ್ಲಿ ಅರ್ಥವಿಲ್ಲ, ನೆನಪಿಗಾಗಿ ಇಡುವುದಾದರೆ ಬಿಚ್ಚದ ಬಾಟಲಿಯೇ ಚೆಂದ. ಗಿರಾಕಿಗೆ ಮೊದಲು ಬೇಸರವಾಯಿತಂತೆ. ಆದರೂ ಹಾಲಿನ ಊಟ ರದ್ದು ಮಾಡಲಿಲ್ಲ. ಮನೆಯಲ್ಲಿ ಒಂದನ್ನು ತೆರೆದಾಗ ಬೆಲ್ಲದ ನೀರಿನ ಬಣ್ಣ, ನೊರೆ ಇಲ್ಲ, ಒದ್ದೆ ರಟ್ಟಿನ ವಾಸನೆ, ಹಿಂದೆ ಒಂದಿಷ್ಟು ಹಳೇ ಹುಣಸೆಯಂಥ ಹುಳಿ. ಅಣ್ಣತಮ್ಮಂದಿರು ಚಮಚದಷ್ಟು ನಾಲಿಗೆಗೆ ಹಚ್ಚಿ ಉಳಿದದ್ದನ್ನು ಅಪ್ಪ ನೆಟ್ಟ ಮಾವಿನ ಬುಡಕ್ಕೆ ಸುರಿದರಂತೆ. ನಮಗೆ ಅದು ಸರಿಯಾದ ಕೆಲಸ ಎನಿಸಿತು.

ಉಳಿದ ಬಾಟಲಿ ಇಡುವವರಿಗೆ: ಮಲಗಿಸಬೇಡಿ, ನೆಟ್ಟಗೆ ನಿಲ್ಲಿಸಿ; ಮಲಗಿಸಿದರೆ ಬಿಯರ್ ಮುಚ್ಚಳದ ಲೋಹಕ್ಕೆ ತಾಗಿ ತುಕ್ಕು ಬೇಗ. ಲೇಬಲ್ಲಿಗೆ ಒದ್ದೆ ಬಟ್ಟೆ ತಾಗಿಸಬೇಡಿ, ಒಣ ಬ್ರಷ್ಷಿನಲ್ಲಿ ಧೂಳು ತೆಗೆಯಿರಿ. ಅಂಟಿನ ಆಸೆಗೆ ಬರುವ ಬೆಳ್ಳಿಹುಳ ಲೇಬಲ್ಲನ್ನು ತಿನ್ನುತ್ತದೆ, ಹಾಗಾಗಿ ಗಾಜಿನ ಬಾಗಿಲಿನ ಬೀರು ಒಳ್ಳೆಯದು, ಬಿಸಿಲು ಬೀಳದ ಕಡೆ. ಹೋಟೆಲಿನ ಷೋಕೇಸಿನಲ್ಲಿ ಹಳೇ ಕಾಲದ ವಸ್ತು ಎಂದು ಇಡುವ ಮನಸ್ಸಿದ್ದರೆ ಖಾಲಿ ಬಾಟಲಿ ಮಾತ್ರ ಇಡಿ.

ನಮ್ಮ ಉಗ್ರಾಣದ ಲೆಕ್ಕ

ಬಿಯರಿನ ನೆಪದಲ್ಲಿ ನಮ್ಮ ಸ್ವಂತ ಸ್ಟೋರ್ ರೂಮನ್ನೂ ಒಮ್ಮೆ ನೋಡುವುದು ಒಳ್ಳೆಯದು. ಹಳತಾದರೆ ಮೇಲಾಗುವ ಸರಕು ನಮ್ಮಲ್ಲಿ ಬೆರಳೆಣಿಕೆಯಷ್ಟು. ವರ್ಷ ಕಳೆದ ಅಕ್ಕಿ ನೀರು ಹೆಚ್ಚು ಹೀರಿ ಅನ್ನ ಉದುರುದುರಾಗುತ್ತದೆ. ಅದಕ್ಕೇ ಹಳೇ ಅಕ್ಕಿಗೆ ಎರಡು ಕಾಸು ಹೆಚ್ಚು ಕೊಡುತ್ತೇವೆ. ಉಪ್ಪುನೀರಿನಲ್ಲಿ ಮುಳುಗಿದ ಮಾವಿನ ಮಿಡಿ ಭರಣಿಯಲ್ಲಿ ಪಳಗುತ್ತದೆ. ಚೆನ್ನಾಗಿ ಕಾಸಿ ನೀರಿನಂಶ ಹೋದ ತುಪ್ಪ ತಾಳುತ್ತದೆ, ಮೇಲಾಗುವುದಿಲ್ಲ. ಕಾಫಿಪುಡಿ, ಕಡಲೆಕಾಯಿ ಎಣ್ಣೆ, ಗೋಡಂಬಿ, ಸಾರಿನ ಪುಡಿ ಇವೆಲ್ಲ ಬಿಯರಿನ ಪಂಗಡ: ಗಾಳಿ, ಬಿಸಿ, ಬೆಳಕು ಮೂರೂ ಶತ್ರು. ಒಲೆಯ ಪಕ್ಕದ ಷೆಲ್ಫಿನಲ್ಲಿ ಕಾಫಿಪುಡಿಯ ಡಬ್ಬ ಇಡುವವರು 3-30-300 ನೆನಪಿಡಲಿ.

ಲೇಬಲ್ಲಿನ ಮಾತಿನಲ್ಲೂ ವ್ಯತ್ಯಾಸವಿದೆ. 'ಇಷ್ಟರೊಳಗೆ ಉತ್ತಮ' ಎಂಬುದು ಗುಣದ ಮಾತು, 'ಎಕ್ಸ್‌ಪೈರಿ' ಅಥವಾ 'ಯೂಸ್ ಬೈ' ಎಂಬುದು ಗಡುವು. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದಲ್ಲಿ ಎರಡನೆಯದೇ ಕಡ್ಡಾಯ, ಮೊದಲನೆಯದು ಐಚ್ಛಿಕ. ಬಿಡಿ ಸಿಹಿತಿಂಡಿಯ ತಟ್ಟೆಯ ಮುಂದೆ ಯಾವ ದಿನದೊಳಗೆ ತಿನ್ನಬೇಕೆಂದು ಬರೆದಿಡುವ ನಿಯಮವೂ 2020ರ ಅಕ್ಟೋಬರ್ 1ರಿಂದ ಬಂದಿದೆ. ಮೈಸೂರುಪಾಕು, ಹಾಲ್ಕೋವ ಇಡುವ ಸದಸ್ಯರು ಆ ಚೀಟಿಯನ್ನು ದಿನಾ ಬದಲಿಸುವ ಕೆಲಸ ಒಬ್ಬನಿಗೇ ಒಪ್ಪಿಸುವುದು ಒಳ್ಳೆಯದು.

ಬಾರ್ ಇರುವ ಸದಸ್ಯರಿಗೆ ಕೊನೆಯದಾಗಿ. ಬಿಯರ್ ಕೇಸುಗಳನ್ನು ತಾರಸಿಯ ಷೆಡ್ಡಿನಲ್ಲಿ, ಜನರೇಟರ್ ಪಕ್ಕದಲ್ಲಿ ಪೇರಿಸಬೇಡಿ. ಹೊಸ ಲೋಡು ಬಂದಾಗ ಹುಡುಗರು ಅದನ್ನು ಮುಂದೆ ಇಟ್ಟು ಹಳತನ್ನು ಹಿಂದಕ್ಕೆ ತಳ್ಳುವುದು ಎಲ್ಲ ಕಡೆಯ ರೋಗ, ಮೊದಲು ಬಂದದ್ದು ಮೊದಲು ಹೊರಗೆ ಹೋಗಬೇಕು. ತಿಂಗಳಿಗೊಮ್ಮೆ ತಯಾರಿ ದಿನಾಂಕ ನೋಡಿ ಐದನೇ ತಿಂಗಳಿಗೆ ಬಂದ ಕೇಸಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಅವಧಿ ಮೀರಿದ್ದನ್ನು ಮದುವೆ ಪಾರ್ಟಿಯ ಗಲಾಟೆಯಲ್ಲಿ ಸಾಗಹಾಕುವ ಉಪಾಯ ಯಾರಾದರೂ ಹೇಳಿಕೊಟ್ಟರೆ ಕಿವಿಗೊಡಬೇಡಿ. ಅದನ್ನು ಸ್ಟಾಕ್ ಪುಸ್ತಕದಲ್ಲಿ ಬೇರೆ ಬರೆದಿಟ್ಟು, ನಿಮ್ಮ ಡಿಪೋದವರನ್ನೂ ಅಬಕಾರಿ ಅಧಿಕಾರಿಯನ್ನೂ ಕೇಳಿಯೇ ವಿಲೇವಾರಿ ಮಾಡಿ.